ಪುಡಿಯಕ್ಕನ ಮೂಗು

ನೀರಿನ ಕೆಲಸಕ್ಕೆ ಸೇರುವುದಕ್ಕೆ ಮೊದಲೇ ಅವಳ ಮೂಗಿಗೆ ಹೆಸರಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಕೋಣೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದವಳು ದಡಕ್ಕನೆ ಎದ್ದು ಅಡುಗೆಮನೆಗೆ ಹೋಗಿ, ಗ್ಯಾಸಿನ ರಬ್ಬರ್ ಕೊಳವೆಯಲ್ಲಿ ಸೂಜಿಮೊನೆಯಷ್ಟು ಸೀಳು ಬಿಟ್ಟಿದ್ದನ್ನು ಅತ್ತೆಗೆ ತೋರಿಸಿದಳು. ಅಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದ ಅತ್ತೆಗೆ ಏನೂ ಗೊತ್ತಾಗಿರಲಿಲ್ಲ. "ಸದ್ಯ, ನಾಯಿ ಸಾಕೋ ತಾಪತ್ರಯ ತಪ್ಪಿತು," ಎಂದಳು ಅತ್ತೆ. ಅದು ಹೊಗಳಿಕೆಯೋ ಕುಟುಕೋ ಎಂದು ಸೊಸೆ ಬಹಳ ದಿನ ಯೋಚಿಸಿದಳು. ಎರಡೂ ಆಗಿತ್ತು.

ಆಮೇಲೆ ಆ ಮನೆಯ ವಾಸನೆಗಳೆಲ್ಲ ಅವಳ ಹೆಗಲಿಗೆ ಬಿದ್ದವು. ಹಾಲು ಸಂಜೆಯ ತನಕ ತಡೆಯುತ್ತದೋ ಇಲ್ಲವೋ, ಯಾವ ಅಂಗಿಯನ್ನು ಇನ್ನೊಂದು ದಿನ ತೊಡಬಹುದು, ಕಪಾಟಿನ ಹಿಂದೆ ಇಲಿ ಸತ್ತಿದೆಯೋ ಮೋರಿ ಕಟ್ಟಿಕೊಂಡಿದೆಯೋ, ಎಲ್ಲದಕ್ಕೂ "ನಿನಗೆ ಗೊತ್ತಾಗುತ್ತಲ್ಲ, ನೀನೇ ನೋಡು" ಎನ್ನುವುದು ರೂಢಿಯಾಯಿತು. ಹೆಂಗಸೊಬ್ಬಳಿಗೆ ಏನೋ ಒಂದು ಚೆನ್ನಾಗಿ ಬರುತ್ತದೆ ಎಂದು ಮನೆಯವರು ಕಂಡುಕೊಂಡರೆ ಮುಗಿಯಿತು, ಆ ಕೆಲಸ ಸಾಯುವ ತನಕ ಅವಳದೇ. ಇಲಿ ಎಲ್ಲಿದೆ ಎಂದು ಹೇಳಿದವಳೇ ಅದನ್ನು ಎತ್ತಿ ಎಸೆಯಲೂ ಬೇಕಿತ್ತು. ಮುದ್ರಣಾಲಯದಲ್ಲಿ ಕೆಲಸಕ್ಕಿದ್ದ ಗಂಡನ ಪಾಲಿಗೆ ಮನೆಯಲ್ಲಿ ಎರಡೇ ಕೆಲಸ, ಉಣ್ಣುವುದು ಮತ್ತು ಕಳೆದುಹೋದದ್ದನ್ನು ಕೂತಲ್ಲಿಂದಲೇ ಹುಡುಕುವುದು.

ಊರಿನ ನೀರು ಶುದ್ಧಿ ಮಾಡುವ ಕಡೆ ಅವಳು ಸೇರಿದ್ದು ಕಸ ಗುಡಿಸುವುದಕ್ಕೆ. ದೊಡ್ಡ ತೊಟ್ಟಿಗಳ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಅಲ್ಲಿ ಬ್ಲೀಚಿಂಗ್ ಪೌಡರಿನ ಚೀಲಗಳನ್ನು ಚಾವಣಿಯ ತನಕ ಪೇರಿಸಿದ್ದರು. ಒಳಗೆ ಕಾಲಿಟ್ಟರೆ ಕಣ್ಣಲ್ಲಿ ನೀರು, ಗಂಟಲಲ್ಲಿ ಉರಿ. ಗಂಡಸು ಕೆಲಸಗಾರರು ಒಬ್ಬೊಬ್ಬರೇ ಒಂದೊಂದು ನೆಪ ಹೇಳಿ ಅಲ್ಲಿಂದ ಜಾರಿಕೊಂಡಿದ್ದರು. ಒಬ್ಬನಿಗೆ ಕೆಮ್ಮು, ಇನ್ನೊಬ್ಬನಿಗೆ ಚರ್ಮದ ತೊಂದರೆ, ಮತ್ತೊಬ್ಬನಿಗೆ ಡಾಕ್ಟರು ಬೇಡ ಅಂದಿದ್ದರಂತೆ. ಉಳಿದವಳು ಪೊರಕೆ ಹಿಡಿದ ಇವಳು.

"ಹಿಟ್ಟು ಕಲಸೋಕೆ ಬರುತ್ತಲ್ಲಮ್ಮ?" ಎಂದು ಕೇಳಿದರು ಸೂಪರ್‌ವೈಸರ್. "ಇದೂ ಹಾಗೇ. ನಿಮ್ಮ ಕೈಗೆ ಬೇಗ ಒಗ್ಗುತ್ತೆ."

ಒಗ್ಗಿತು. ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿ, ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು, ಗಂಟಿಲ್ಲದಂತೆ ಕಲಸಬೇಕು. ಕಬ್ಬಿಣದ ಸೌಟು ಕೂಡದು, ಅದನ್ನೂ ತಿಂದುಹಾಕುತ್ತದೆ. ಮರದ ಹುಟ್ಟೇ ಆಗಬೇಕು. ಕಲಸಿದ್ದನ್ನು ತೊಟ್ಟಿಗೆ ಸುರಿದು, ಚೆನ್ನಾಗಿ ತಿರುವಿ, ಸುಣ್ಣ ತಳಕ್ಕೆ ಇಳಿಯುವ ತನಕ ಬಿಡಬೇಕು. ಮೇಲೆ ನಿಂತ ತಿಳಿ ನೀರೇ ಮದ್ದು. ಅದು ಸಣ್ಣ ನಲ್ಲಿಯಿಂದ ಧಾರೆಯಾಗಿ ಊರಿಗೆಲ್ಲ ಹೋಗುವ ನೀರಿಗೆ ಬೀಳುತ್ತಿತ್ತು. ಮನೆಯ ಅಡುಗೆಗೂ ಇದಕ್ಕೂ ಒಂದೇ ವ್ಯತ್ಯಾಸ. ಇಲ್ಲಿ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ತಟ್ಟೆ ತಳ್ಳಿ ಏಳುವವರಿರಲಿಲ್ಲ.

ಆ ಪುಡಿಯ ಗುಣವನ್ನು ಅವಳಿಗೆ ತಿಳಿಸಿದವನು ನೀರು ಬಿಡುವವನು. ಬೀದಿ ಬೀದಿಯ ವಾಲ್ವ್ ತಿರುಗಿಸುವುದು ಅವನ ಕೆಲಸ. "ಇದರೊಳಗಿನ ಕ್ಲೋರಿನ್ ಇದೆಯಲ್ಲ ಅಕ್ಕ, ಅದು ಜಗಳಗಂಟಿ ಇದ್ದ ಹಾಗೆ. ಎದುರು ಸಿಕ್ಕಿದ್ದನ್ನೆಲ್ಲ ಸುಡುತ್ತೆ, ಸುಡ್ತಾ ಸುಡ್ತಾ ತಾನೂ ಮುಗಿದುಹೋಗುತ್ತೆ. ನೀರಿನ ಕೊಳೆ, ಪೈಪಿನ ಒಳಗೆ ಕಟ್ಟಿರೋ ಲೋಳೆ, ಎಲ್ಲದರ ಜೊತೆ ಹೊಡೆದಾಡಿ ಕೊನೆಯ ನಲ್ಲಿಗೆ ಬರೋ ಹೊತ್ತಿಗೆ ಇನ್ನೂ ಸ್ವಲ್ಪ ಸಿಟ್ಟು ಉಳಿದಿರಬೇಕು. ಉಳಿದಿದ್ರೆ ಜನ ಬದುಕಿದ್ರು. ಉಳಿದಿಲ್ಲ ಅಂದ್ರೆ ಅಲ್ಲಿ ಕ್ರಿಮಿಗಳದೇ ರಾಜ್ಯ."

ಆ ಕೊನೆಯ ನಲ್ಲಿ ಇದ್ದದ್ದು ಅವಳ ಓಣಿಯಲ್ಲಿ. ಮನೆಯ ಮುಂದೆಯೇ ಎನ್ನಬಹುದು. ಸೂಪರ್‌ವೈಸರಿಗೆ ಇದು ತಿಳಿದಾಗ ಅವರ ಮುಖ ಅರಳಿತು. ಹೇಗಿದ್ದರೂ ಬೆಳಿಗ್ಗೆ ಎದ್ದು ಅವಳು ನೀರು ಹಿಡಿಯಲೇಬೇಕು, ಹಿಡಿಯುವಾಗಲೇ ಪರೀಕ್ಷೆಯನ್ನೂ ಮಾಡಿಬಿಟ್ಟರೆ ಇನ್ನೊಬ್ಬರನ್ನು ಕಳಿಸುವ ಗೋಜಿಲ್ಲ. ಹೀಗೆ ಮನೆಯ ಕೆಲಸದ ಹೊಟ್ಟೆಯೊಳಗೆ ಆಫೀಸಿನ ಕೆಲಸ ಸೇರಿಕೊಂಡಿತು. ಮೊದಮೊದಲು ಒಂದು ಸಣ್ಣ ಪೆಟ್ಟಿಗೆ ಕೊಟ್ಟಿದ್ದರು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಸೀಸೆಯ ಔಷಧಿ ಕೆಲವು ತೊಟ್ಟು ಹಾಕಿದರೆ ನೀರು ಹಳದಿಗೆ ತಿರುಗುತ್ತಿತ್ತು. ಹಳದಿ ಬಂದರೆ ಕ್ಲೋರಿನ್ ಉಳಿದಿದೆ, ಬಾರದಿದ್ದರೆ ಇಲ್ಲ. ಸೀಸೆ ಖಾಲಿಯಾದಾಗ ಅವಳು ಹೊಸದು ಕೇಳಿದಳು. ಮತ್ತೆ ಕೇಳಿದಳು. ಸೂಪರ್‌ವೈಸರೂ ಮೇಲಿನವರನ್ನು ಕೇಳಿದ್ದರು, ಸುಳ್ಳಲ್ಲ. ಆದರೆ ಅಷ್ಟರಲ್ಲಿ ಅವಳು ನೀರನ್ನು ಮೂಸಿ ನೋಡಿ ಹೇಳಿದ್ದಕ್ಕೂ ಹಿಂದೆ ಸೀಸೆ ತೋರಿಸುತ್ತಿದ್ದುದಕ್ಕೂ ತಾಳೆಯಾಗುತ್ತಿದ್ದುದು ಎಲ್ಲರಿಗೂ ತಿಳಿದಿತ್ತು.

"ನಿಮ್ಮ ಮೂಗು ಇರುವಾಗ ಸೀಸೆ ಯಾಕಮ್ಮ?" ಎಂದರು ಅವರು. "ಸೀಸೆ ಸುಳ್ಳು ಹೇಳಬಹುದು. ನಿಮ್ಮ ಮೂಗು ಹೇಳಲ್ಲ."

ಅವಳಿಗೆ ಹೆಮ್ಮೆಯಾಯಿತು. ಕೇಳಿದ ವಸ್ತುವಿನ ಬದಲು ಹೊಗಳಿಕೆ ಕೊಟ್ಟು ಕಳಿಸುವುದು ಅವಳಿಗೆ ಹೊಸದೇನೂ ಅಲ್ಲ. ಮಿಕ್ಸಿ ಕೇಳಿದಾಗ ಗಂಡ "ನಿನ್ನ ಕೈ ರುಚಿ ಯಂತ್ರಕ್ಕೆ ಬರುತ್ತಾ?" ಎಂದಿದ್ದ. ಆಗಲೂ ಹೆಮ್ಮೆಯಾಗಿತ್ತು. ರುಬ್ಬಿ ರುಬ್ಬಿ ಭುಜ ಹಿಡಿದುಕೊಂಡದ್ದು ಆಮೇಲಿನ ಮಾತು.

ಓಣಿಯವರು ಅವಳನ್ನು ಪುಡಿಯಕ್ಕ ಎಂದು ಕರೆಯತೊಡಗಿದರು. ಪಕ್ಕದ ಮನೆಯಲ್ಲಿ ಹೊಲಿಗೆಯ ಮೆಷಿನ್ ಇಟ್ಟುಕೊಂಡಿದ್ದ ಹೆಂಗಸೊಬ್ಬಳಿದ್ದಳು. ಗಂಡ ಬಿಟ್ಟುಹೋದವಳು, ಮಾತಿನ ಮಲ್ಲಿ. ಅವಳಿಗೊಂದು ಪುಟ್ಟ ಹೆಣ್ಣುಮಗು. ಆ ಮಗು ಹುಟ್ಟಿದಾಗ ಹೊಲಿಗೆಯವಳು, "ಅಕ್ಕ, ಪಾಪೂಗೆ ನೀರು ಕಾಯಿಸಿ ಆರಿಸಿ ಕೊಡಬೇಕಂತೆ. ಮೆಷಿನ್ ತುಳೀಲೋ, ಒಲೆ ಮುಂದೆ ನಿಲ್ಲಲೋ?" ಎಂದು ಕೇಳಿದ್ದಳು.

"ಯಾಕೆ ಕಾಯಿಸ್ತೀಯ? ನಾನು ದಿನಾ ಮೂಸಿ ನೋಡಿಯೇ ಮೊದಲ ಕೊಡ ತುಂಬಿಸೋದು. ಈ ನಲ್ಲಿ ನೀರು ಕುಡಿದು ನಿನ್ನ ಮಗೂಗೆ ಏನಾದ್ರೂ ಆದ್ರೆ ಬಂದು ನನ್ನ ಕೇಳು."

ಆವತ್ತಿನಿಂದ ಹೊಲಿಗೆಯವಳು ನೀರು ಕಾಯಿಸಲಿಲ್ಲ. ಅವಳ ಕೊಡವನ್ನೂ ಪುಡಿಯಕ್ಕನೇ ತುಂಬಿಸಿ ಕೊಡತೊಡಗಿದಳು. ಅವಳನ್ನು ನೋಡಿ ಓಣಿಯ ಬೇರೆಯವರೂ ಬಿಟ್ಟರು. ಹೆಂಗಸರಿಗೆ ಒಂದು ಕೆಲಸ ಉಳಿಯಿತಲ್ಲ ಎಂದು ಪುಡಿಯಕ್ಕನಿಗೂ ಸಮಾಧಾನ.

ವಾಸನೆ ಯಾವತ್ತು ಹೋಯಿತೆಂದು ಅವಳಿಗೇ ತಿಳಿಯಲಿಲ್ಲ. ಪುಡಿಕೋಣೆಯಲ್ಲಿ ಮೊದಲೆಲ್ಲ ಉರಿಯುತ್ತಿದ್ದ ಕಣ್ಣು ಉರಿಯುವುದನ್ನು ನಿಲ್ಲಿಸಿತ್ತು. ಅದು ಒಳ್ಳೆಯದಕ್ಕೇ ಎಂದುಕೊಂಡಿದ್ದಳು. ಆಮೇಲೆ ಒಂದು ನೆಗಡಿ ಬಂತು, ಹೋಯಿತು. ಒಂದು ಬೆಳಿಗ್ಗೆ ಅವಳು ಒಲೆಯ ಪಕ್ಕದಲ್ಲೇ ನಿಂತು ಮಗಳ ಊಟದ ಡಬ್ಬಿ ತೊಳೆಯುತ್ತಿದ್ದಾಗ ಗಂಡ ಆಚೆಯಿಂದ ಕೂಗಿದ: "ಏನೇ, ಮನೆ ಸುಟ್ಟುಹೋಗ್ತಿದೆಯಾ? ಹಾಲು ಸೀದು ಕರಕಲಾಗಿದೆ!" ತಿರುಗಿ ನೋಡಿದರೆ ಪಾತ್ರೆಯಿಂದ ಹೊಗೆ ಏಳುತ್ತಿತ್ತು. ಅವಳು ಪಾತ್ರೆಯ ಮೇಲೆ ಬಗ್ಗಿ ಜೋರಾಗಿ ಉಸಿರೆಳೆದುಕೊಂಡಳು. ಬಿಸಿ ಗಾಳಿ ಒಳಗೆ ಹೋಯಿತು. ಅಷ್ಟೇ. ಈರುಳ್ಳಿ ಸೀಳಿ ಮೂಸಿದಳು. ಸೀಮೆಎಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಗೋಡೆಯನ್ನು ಮೂಸಿದ ಹಾಗಿತ್ತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ, ಆ ಓಣಿಯಲ್ಲಿ ಅವಳದು ಅಂತ ಇದ್ದದ್ದೇ ಆ ಮೂಗು. ಅದೂ ಇಲ್ಲ ಎಂದಾದರೆ ಉಳಿಯುವುದು ಎರಡು ಕೈ, ಎರಡು ಕಾಲು. ಅವು ಯಾರಿಗಿಲ್ಲ?

ಮುಚ್ಚಿಡುವುದು ಎಂದರೆ ಇನ್ನಷ್ಟು ದುಡಿಯುವುದು. ಹಾಲನ್ನು ಮೂಸುವ ಬದಲು ಗಳಿಗೆಗೊಮ್ಮೆ ಕಾಯಿಸಿದಳು. ಬಟ್ಟೆಯನ್ನು ಮೂಸುವ ಬದಲು ಎಲ್ಲವನ್ನೂ ದಿನವೂ ಒಗೆದಳು. ಒಲೆ ಹಚ್ಚುವ ಮೊದಲು ಕಿಟಕಿ ತೆರೆದು, ಕೊಳವೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದಳು. "ಇತ್ತೀಚೆಗೆ ಇವಳಿಗೆ ಶುಚಿಯ ಹುಚ್ಚು ಹಿಡಿದಿದೆ," ಎಂದು ಗಂಡ ನಕ್ಕ. ಪುಡಿಕೋಣೆಯಲ್ಲಿ ಚೀಲ ತೂಗಿ, ಅಳೆದು ಹಾಕಿದಳು. ಅಳತೆ ಸರಿಯಿದ್ದರೆ ವಾಸನೆ ಯಾಕೆ ಬೇಕು ಎಂದು ತನಗೇ ಹೇಳಿಕೊಂಡಳು.

ನಲ್ಲಿಯ ಹತ್ತಿರ ಮಾತ್ರ ಆ ಉಪಾಯ ನಡೆಯಲಿಲ್ಲ. ಅಲ್ಲಿಗೆ ಮಗಳನ್ನು ಕರೆದುಕೊಂಡು ಹೋಗತೊಡಗಿದಳು. ಹೈಸ್ಕೂಲಿನ ಹುಡುಗಿ, ಅರ್ಧ ನಿದ್ದೆಯಲ್ಲಿ ತಲೆ ಕೆರೆದುಕೊಳ್ಳುತ್ತ ಬರುತ್ತಿದ್ದಳು.

"ಪುಟ್ಟಿ, ಮೂಸು. ಪುಡಿ ವಾಸನೆ ಬರ್ತಿದೆಯಾ?"

"ಬರ್ತಿದೆ."

"ಸರಿಯಾಗಿ ನೋಡೇ."

"ಬರ್ತಿದೆ ಅಂದ್ನಲ್ಲಮ್ಮ! ನಾರ್ತಿದೆ. ನಿಂಗೇ ಗೊತ್ತಾಗಲ್ವಾ?"

"ನೀನೂ ಕಲಿತುಕೋ ಅಂತ ಕೇಳ್ತಿದೀನಿ."

"ಅಯ್ಯೋ, ನಂಗ್ಯಾಕಮ್ಮ ಈ ವಿದ್ಯೆ," ಎಂದು ಹುಡುಗಿ ಒಳಗೆ ಓಡುತ್ತಿದ್ದಳು. ಪುಡಿಯಕ್ಕ ಕೆಲಸದ ಮೇಲಂಗಿಯ ಗುಂಡಿ ಹಾಕಿಕೊಂಡು ತೊಟ್ಟಿಗಳ ಕಡೆ ನಡೆಯುತ್ತಿದ್ದಳು. ಎರಡು ಕೆಲಸದ ನಡುವೆ ಬಟ್ಟೆ ಬದಲಿಸುವಷ್ಟು ಬಿಡುವಿಲ್ಲದ ಕಾರಣ ನೀರು ಹಿಡಿಯಲು ಬರುವಾಗಲೇ ಆ ಮೇಲಂಗಿ ತೊಟ್ಟಿರುತ್ತಿದ್ದಳು. ವರ್ಷಗಟ್ಟಲೆ ಪುಡಿ ಹೀರಿದ ಬಟ್ಟೆ, ಎಷ್ಟು ಒಗೆದರೂ ಬಣ್ಣ ಹೋಯಿತೇ ಹೊರತು ಪುಡಿ ಹೋಗಲಿಲ್ಲ.

ಹೀಗೆಯೇ ಒಂದು ವರ್ಷ ನಡೆಯಿತು. ಆಮೇಲೆ ಒಂದು ಸಲ ಬಂದ ಚೀಲಗಳು ಎಲ್ಲೋ ಮಳೆಯಲ್ಲಿ ನೆನೆದು, ಒಣಗಿ, ಬಾಯಿ ಹೊಲಿಸಿಕೊಂಡು ಬಂದಿದ್ದವು. ತೇವ ತಾಗಿದ ಬ್ಲೀಚಿಂಗ್ ಪೌಡರು ಹೆಸರಿಗೆ ಮಾತ್ರ ಪುಡಿ. ಒಳಗಿನ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಬಣ್ಣ ಅದೇ ಬಿಳಿ, ತೂಕವೂ ಅಷ್ಟೇ. ಮೊದಲಿನ ಪುಡಿಯಕ್ಕ ಆಗಿದ್ದರೆ ಲಾರಿ ಗೇಟಿನೊಳಗೆ ಬರುವಾಗಲೇ ವಾಪಸ್ ಕಳಿಸುತ್ತಿದ್ದಳು. ಇವಳು ಚೀಲ ಬಿಚ್ಚಿ, ಅಳೆದು, ಗಂಟಿಲ್ಲದಂತೆ ಚೆನ್ನಾಗಿ ಕಲಸಿ ಹಾಕಿದಳು.

ಮೊದಲು ಮೂಲೆಮನೆಯ ಮುದುಕನಿಗೆ ವಾಂತಿ ಭೇದಿ. ಊಟ ಹೆಚ್ಚಾಗಿರಬೇಕು ಎಂದು ನಕ್ಕರು. ಆಮೇಲೆ ಅವನ ಮೊಮ್ಮಕ್ಕಳಿಗೆ. ಆಮೇಲೆ ಎದುರು ಸಾಲಿಗೆ. ಮನೆಮನೆಯಲ್ಲೂ ಹೆಂಗಸರು ಎದ್ದುಬಿದ್ದು ಬಕೆಟ್ಟು ಹೊರುತ್ತಿದ್ದರು. ತಮಗೇ ಬಂದಾಗ ಗೋಡೆ ಹಿಡಿದುಕೊಂಡು ಹೊರುತ್ತಿದ್ದರು. ಹೊಲಿಗೆಯವಳ ಮಗು ಬೆಳಿಗ್ಗೆ ಆಡುತ್ತಿದ್ದದ್ದು ಮಧ್ಯಾಹ್ನಕ್ಕೆ ಕಣ್ಣು ಗುಳಿಬಿದ್ದು ಬಟ್ಟೆಯ ಬೊಂಬೆಯ ಹಾಗೆ ತೋಳಿನಲ್ಲಿ ಜೋತುಬಿತ್ತು. ಆಸ್ಪತ್ರೆಯಲ್ಲಿ ಅದಕ್ಕೆ ಡ್ರಿಪ್ ಹಾಕಿದರು. ಪುಡಿಯಕ್ಕನ ಮನೆಯಲ್ಲಿ ಅತ್ತೆಗೆ ಶುರುವಾಯಿತು.

ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ವರ್ಷಗಳೇ ಆಗಿದ್ದವು. ಈಗ ಬಟ್ಟೆ ಬದಲಿಸಿದಷ್ಟೂ ಮುಗಿಯುತ್ತಿರಲಿಲ್ಲ. ಒಗೆದದ್ದನ್ನು ಹರವಲು ಪುಡಿಯಕ್ಕ ಹೊರಗೆ ಬಂದಾಗ ನೀರು ಬಿಡುವವನು ಓಣಿಯ ಬಾಯಲ್ಲಿ ಗುಂಡಿ ತೆಗೆಸುತ್ತಿದ್ದ. ಚರಂಡಿಯ ಕೆಳಗೆ ಪೈಪು ಬಿರುಕು ಬಿಟ್ಟಿತ್ತು. ನೀರು ನಿಂತ ಹೊತ್ತಿನಲ್ಲಿ ಪೈಪು ಚರಂಡಿಯನ್ನೇ ಒಳಗೆ ಎಳೆದುಕೊಳ್ಳುತ್ತಿತ್ತು.

"ಇದು ಎಷ್ಟೋ ದಿನದ ಬಿರುಕು ಅಕ್ಕ," ಎಂದ ಅವನು ಕೈ ಒರೆಸಿಕೊಳ್ಳುತ್ತ. "ಆದ್ರೂ ಪುಡಿ ಸರಿಯಾಗಿದ್ರೆ ಇಷ್ಟು ಆಗ್ತಿರಲಿಲ್ಲ. ನಲ್ಲಿ ನೀರಿಗೆ ಪುಡಿ ವಾಸನೆ ಇತ್ತಲ್ವಾ?"

"ಇತ್ತು," ಎಂದಳು. "ದಿನಾ ನೋಡಿದೀನಿ."

ಹೇಳಿದ ಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಹರವದೆ ಹಾಗೇ ಹಗ್ಗದ ಮೇಲೆ ಎಸೆದಳು. ಅವನನ್ನು ಪುಡಿಕೋಣೆಗೆ ಕರೆದುಕೊಂಡು ಹೋಗಿ ಒಂದು ಚೀಲದ ಬಾಯಿ ಬಿಚ್ಚಿದಳು. "ಸ್ವಲ್ಪ ಮೂಸಿ ನೋಡು ತಮ್ಮ."

ಅವನು ಹೆದರಿಕೊಂಡೇ ಬಗ್ಗಿದ. ಆಮೇಲೆ ಧೈರ್ಯವಾಗಿ ಮುಖವನ್ನೇ ಒಳಗಿಟ್ಟ. ತಲೆ ಎತ್ತಿದಾಗ ಅವನ ಮೂಗಿನ ತುದಿಗೆ ಬಿಳಿ ಮೆತ್ತಿತ್ತು, ಕಣ್ಣು ಒಣಗಿಯೇ ಇತ್ತು. "ಇದೇನಕ್ಕ ಇದು? ಗೋಡೆಗೆ ಬಳಿಯೋ ಸುಣ್ಣ! ಇದನ್ನ ನೀನು ಹಾಕಿದ್ಯಾ? ನೀನು?"

ಅವಳು ಮನೆಗೆ ಓಡಿದಳು. ಹಿತ್ತಿಲಿನಲ್ಲಿ ಮೇಲಂಗಿ ಕಳಚಿ ಎಸೆದಳು. ಮಗಳನ್ನು ಒಬ್ಬಳನ್ನೇ ನಲ್ಲಿಯ ಹತ್ತಿರ ನಿಲ್ಲಿಸಿ, ತಾನು ಬಾಗಿಲಲ್ಲೇ ಉಳಿದಳು.

"ಮೂಸು ಪುಟ್ಟಿ."

ಪೈಪಿನಲ್ಲಿ ಉಳಿದ ನೀರು ಇನ್ನೂ ಸಣ್ಣಗೆ ಬರುತ್ತಿತ್ತು, ಹುಡುಗಿ ಬೊಗಸೆ ತುಂಬಿಕೊಂಡು ಮೂಸಿದಳು. ಮತ್ತೊಮ್ಮೆ ಮೂಸಿದಳು. "ಏನೂ ಇಲ್ಲಮ್ಮ," ಎಂದಳು. ಆಮೇಲೆ ಅಮ್ಮನನ್ನೂ, ತನ್ನ ಬೊಗಸೆಯನ್ನೂ ನೋಡಿ, "ಅಂದ್ರೆ ಇಷ್ಟು ದಿನ ನಾರ್ತಿದ್ದದ್ದು..." ಎಂದಳು.

ನಾರುತ್ತಿದ್ದದ್ದು ಅಮ್ಮ. ಹುಡುಗಿ ಸುಳ್ಳು ಹೇಳಿರಲಿಲ್ಲ. ಪಕ್ಕದಲ್ಲೇ ನಿಂತ ಆ ಮೇಲಂಗಿಯ ವಾಸನೆಯನ್ನು ನೀರಿನ ವಾಸನೆ ಎಂದುಕೊಂಡು, ಒಂದು ವರ್ಷ, ಪ್ರಾಮಾಣಿಕವಾಗಿ ಹೇಳಿದ್ದಳು.

ಸೂಪರ್‌ವೈಸರ್ ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ, ಮುಖ ಬಿಳಿಚಿಹೋಯಿತು. ಬಾಗಿಲು ಮುಚ್ಚಿ ಬಂದು ಕೂತರು. "ಬೇರೆ ಗೋದಾಮಿಂದ ಒಳ್ಳೆ ಪುಡಿ ತರಿಸ್ತೀನಿ. ಪೈಪೂ ರಿಪೇರಿ ಆಗ್ತಿದೆ. ನಾಳೆ ನಾಡಿದ್ದು ಎಲ್ಲ ಸರಿಹೋಗುತ್ತೆ. ನೀವು ಮಾತ್ರ ಬಾಯಿ ಬಿಡಬೇಡಿ. ನಿಮ್ಮ ಮೂಗು ಹೋಗಿದೆ ಅಂದ್ರೆ ನಿಮ್ಮ ಕೆಲಸ ಹೋಗುತ್ತೆ. ಮೂಗು ನಂಬ್ಕೊಂಡು ಕೂತಿದ್ದೆ ಅಂದ್ರೆ ನಂದೂ ಹೋಗುತ್ತೆ."

"ಜನಕ್ಕೆ ಏನು ಹೇಳೋದು ಸಾರ್?"

"ಹೇಳೋದಕ್ಕೇನು. ಕೊಡ ಸರಿಯಾಗಿ ತೊಳೆದಿಲ್ಲ, ಮುಚ್ಚಿಟ್ಟಿಲ್ಲ, ಕೈ ಅದ್ದಿದಾರೆ. ಯಾವಾಗ್ಲೂ ಅದೇ ತಾನೇ ಇರೋದು?"

ಆ ಮಾತು ಆಗಲೇ ತಯಾರಾಗಿತ್ತು. ಅವಳು ಮನೆಗೆ ವಾಪಸ್ಸು ಬರುವಷ್ಟರಲ್ಲಿ ಧ್ವನಿವರ್ಧಕ ಕಟ್ಟಿಕೊಂಡ ಗಾಡಿಯೊಂದು ಓಣಿಯಲ್ಲಿ ಸುತ್ತುತ್ತಿತ್ತು. ಗೃಹಿಣಿಯರು ಪಾತ್ರೆಗಳನ್ನು ಶುಚಿಯಾಗಿಡಬೇಕು, ತಾಯಂದಿರು ಕೈ ತೊಳೆಯಬೇಕು, ಗೃಹಿಣಿಯರ ಅಜಾಗರೂಕತೆಯಿಂದ ರೋಗ ಹರಡುತ್ತದೆ. ಜ್ವರದಲ್ಲೇ ಬಾಗಿಲಿಗೆ ಬಂದ ಎದುರು ಮನೆಯ ಹೆಂಗಸು ತನ್ನ ಕೊಡವನ್ನು ಬೂದಿ ಹಾಕಿ ಉಜ್ಜಲು ಕೂತಳು. ಈಗಾಗಲೇ ಫಳಫಳ ಹೊಳೆಯುತ್ತಿದ್ದ ಕೊಡ ಅದು.

ಅತ್ತೆಯ ಬಟ್ಟೆ ಮತ್ತೆ ಹಾಳಾಗಿತ್ತು. ಪುಡಿಯಕ್ಕ ಮಗ್ಗುಲು ತಿರುಗಿಸಿ ಒರೆಸತೊಡಗಿದಳು. ಮುದುಕಿಯ ಮೈಯಲ್ಲಿ ನೀರಿನಂಶವೇ ಉಳಿದಿರಲಿಲ್ಲ. ಚರ್ಮ ಹಿಡಿದರೆ ಹಿಡಿದ ಹಾಗೇ ನಿಲ್ಲುತ್ತಿತ್ತು.

"ನಿನಗೆ ವಾಸನೆ ಬರಲ್ಲ, ಅಲ್ವಾ?" ಎಂದಳು ಅತ್ತೆ.

ಕೈ ನಿಂತಿತು. "ಯಾರು ಹೇಳಿದ್ದು?"

"ಯಾರು ಹೇಳಬೇಕು? ಮೊದಲೆಲ್ಲ ನಾನು ಒದ್ದೆ ಮಾಡ್ಕೊಂಡ್ರೆ ನೀನು ಅಡುಗೆಮನೆಯಿಂದಲೇ ಓಡಿ ಬರ್ತಿದ್ದೆ. ಬಂದು ಮುಖ ಸಿಂಡರಿಸ್ತಿದ್ದೆ. ಬಾಯಲ್ಲಿ ಏನೂ ಅಂತಿರಲಿಲ್ಲ. ಆದ್ರೆ ಆ ಮುಖ ನೋಡಿದ್ರೆ ನಂಗೆ ಸತ್ತುಹೋಗೋಣ ಅನ್ನಿಸ್ತಿತ್ತು. ಆಮೇಲೆ ಕರೆದ್ರೆ ಮಾತ್ರ ಬರೋಕೆ ಶುರು ಮಾಡ್ದೆ. ಬಂದ್ರೂ ಮುಖ ತಿಳಿಯಾಗಿ ಇರ್ತಿತ್ತು, ಮಗೂನ ಎತ್ಕೊಂಡ ಹಾಗೆ."

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಅತ್ತೆ?"

ಮುದುಕಿ ಕಣ್ಣು ಮುಚ್ಚಿಕೊಂಡಳು. "ಹೇಳಿದ್ರೆ ನೀನು ಡಾಕ್ಟರ ಹತ್ರ ಹೋಗ್ತಿದ್ದೆ. ವಾಸಿಯಾದ್ರೆ ಮತ್ತೆ ಆ ಮುಖ ನೋಡಬೇಕಿತ್ತು." ಸ್ವಲ್ಪ ಹೊತ್ತು ಉಸಿರು ಹುಡುಕಿಕೊಂಡು, "ನಂದೂ ಸ್ವಾರ್ಥ ಕಣೇ," ಎಂದಳು.

ಒಲೆಯ ಮೇಲೆ ಕಾಯಿಸಿ ಆರಿಸಿದ ನೀರನ್ನು ಚಮಚದಲ್ಲಿ ಬಾಯಿಗೆ ಬಿಡುವಾಗ ಪುಡಿಯಕ್ಕನಿಗೆ ಪಕ್ಕದ ಮನೆಯ ಚಿಲಕದ ಸದ್ದು ಕೇಳಿಸಿತು. ಆಸ್ಪತ್ರೆಯಿಂದ ಹೊಲಿಗೆಯವಳು ನೀರು ಒಯ್ಯಲು ಬಂದಿದ್ದಳು. ಇವಳು ಜಗಲಿಗೆ ಬಂದಾಗ ಅವಳು ತನ್ನ ಮನೆಯ ಕೊಡದಿಂದ ದೊಡ್ಡ ಬಾಟಲಿಗಳಿಗೆ ನೀರು ತುಂಬಿಸುತ್ತಿದ್ದಳು.

"ಮಗು ಹೇಗಿದೆ?"

"ಡ್ರಿಪ್ ಓಡ್ತಿದೆ. ಇವತ್ತು ಕಣ್ಣು ಬಿಟ್ಟು ನೀರು ಕೇಳ್ತು ಅಕ್ಕ. ಬಾಯಿಂದಲೂ ಕುಡಿಸ್ತಾ ಇರಿ ಅಂದಿದಾರೆ ನರ್ಸು. ಅದಕ್ಕೇ ಓಡಿ ಬಂದೆ."

ಪುಡಿಯಕ್ಕ ಬಾಟಲಿಗಳನ್ನು ನೋಡಿದಳು. ಹೊಸ ಪುಡಿ ಇನ್ನೂ ಬಂದಿರಲಿಲ್ಲ. "ಇದನ್ನ ಹೊತ್ಕೊಂಡು ಯಾಕೆ ಹೋಗ್ತೀಯ? ಭಾರ. ಆಸ್ಪತ್ರೇಲಿ ನೀರಿರಲ್ವಾ?"

"ಇದೆ, ಡ್ರಮ್ಮಿನ ನೀರು. ಯಾರ್ಯಾರು ಕೈ ಹಾಕಿದಾರೋ! ಗಾಡಿಯವರು ಕೂಗ್ತಿದಾರಲ್ಲ, ಕೇಳಿಲ್ವಾ? ನಂಗೆ ಯಾರ ಮೇಲೂ ನಂಬಿಕೆ ಇಲ್ಲ. ನೀನು ಮೂಸಿದ ನೀರೇ ಆಗಬೇಕು." ಬಿರಡೆ ತಿರುಗಿಸುತ್ತ ನಕ್ಕಳು. ಎಷ್ಟೋ ದಿನದ ಮೇಲೆ ಬಂದ ನಗು. "ಪಕ್ಕದ ಬೆಡ್ಡಿನವಳಿಗೂ ಒಂದು ಬಾಟಲಿ ಕೊಟ್ಟೆ. ನಮ್ಮ ಅಕ್ಕನ ನೀರು ಅಂತ."

"ಕಾಯಿಸಿ ಕೊಡು."

"ಯಾಕೆ?"

"ಸುಮ್ನೆ. ಕಾಯಿಸಿದ್ರೆ ಒಳ್ಳೇದಲ್ವಾ?"

"ನೀನೇ ಬೇಡ ಅಂದಿದ್ದೆ. ಈಗೇನು?" ಹೊಲಿಗೆಯವಳು ಚೀಲ ಹೆಗಲಿಗೇರಿಸಿದಳು. "ಹೊತ್ತಾಯ್ತು ಅಕ್ಕ, ಅಲ್ಲಿ ಅದು ಒಂದೇ ಇದೆ."

ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ನಾಡಿದ್ದು ಎಲ್ಲ ಸರಿಹೋಗುತ್ತದೆ. ಆದರೆ ಆ ಬಾಟಲಿಗಳು ಇವತ್ತು ಹೋಗುತ್ತವೆ. ಪುಡಿಯಕ್ಕ ಮೆಟ್ಟಿಲಿಳಿದು ಅಡ್ಡ ನಿಂತು ಚೀಲಕ್ಕೆ ಕೈ ಹಾಕಿದಳು.

"ಕೊಡಬೇಡ. ಮಗೂಗೆ ಈ ನೀರು ಕೊಡಬೇಡ. ಇದರಲ್ಲಿ ಏನೂ ಇಲ್ಲ. ಪುಡಿ ಸತ್ತುಹೋಗಿತ್ತು, ನಂಗೆ ಗೊತ್ತಾಗಲಿಲ್ಲ. ನಂಗೆ ವಾಸನೆ ಬರಲ್ಲ."

"ಏನು ಮಾತಾಡ್ತಿದೀಯ ಅಕ್ಕ?"

"ವಾಸನೆ ಬರಲ್ಲ ನಂಗೆ. ಯಾವುದೂ ಬರಲ್ಲ."

ಕೊಡ ಉಜ್ಜುತ್ತಿದ್ದ ಎದುರು ಮನೆಯವಳ ಕೈ ನಿಂತಿತು. ಹೊಲಿಗೆಯವಳು ಒಂದು ಬಾಟಲಿ ಹೊರತೆಗೆದು, ಬಿರಡೆ ಬಿಚ್ಚಿ, ತಾನೇ ಮೂಸಿ ನೋಡಿದಳು. ಅಷ್ಟು ವರ್ಷಗಳಲ್ಲಿ ಅವಳು ಆ ನೀರನ್ನು ಮೂಸಿದ್ದು ಅದೇ ಮೊದಲು.

"ಎಷ್ಟು ದಿನ ಆಯ್ತು?"

"ಒಂದು ವರ್ಷ."

"ಒಂದು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಕೊಡ ತುಂಬಿಸಿ ಕೊಡ್ತಿದ್ದೆ." ಅವಳ ದನಿ ಏರಲಿಲ್ಲ. ಬಾಟಲಿಗಳನ್ನು ಒಂದೊಂದಾಗಿ ತೆಗೆದು ಪುಡಿಯಕ್ಕನ ಕಾಲ ಬುಡದಲ್ಲಿ ಸುರಿದಳು. ಖಾಲಿ ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು, ಹಿಂತಿರುಗಿ ನೋಡದೆ ಓಡಿದಳು. ಪಕ್ಕದ ಬೆಡ್ಡಿಗೆ ಕೊಟ್ಟ ಬಾಟಲಿ ಅವಳ ತಲೆಯಲ್ಲಿದ್ದಿರಬೇಕು.

ಸುದ್ದಿ ಹಬ್ಬಲು ಗಾಡಿ, ಧ್ವನಿವರ್ಧಕ ಬೇಕಾಗಲಿಲ್ಲ. ಆ ಸಂಜೆ ಓಣಿಯ ಎಲ್ಲ ಒಲೆಗಳ ಮೇಲೂ ನೀರು ಕುದಿಯಿತು.

ಅತ್ತೆ ಉಳಿಯಲಿಲ್ಲ. ಸಾವಿನ ಮನೆಗೆ ಓಣಿಯವರು ಬಂದರು, ಅವಳ ಗಂಡನೊಡನೆ ಮಾತಾಡಿದರು, ಮಗಳ ತಲೆ ಸವರಿದರು. ಪುಡಿಯಕ್ಕ ಕೂತಿದ್ದ ಚಾಪೆಯ ಮೇಲೆ ಮಾತ್ರ ಯಾರೂ ಕೂರಲಿಲ್ಲ. ಆಫೀಸಿನವರು ತಾತ್ಕಾಲಿಕ ಕೆಲಸಗಾರ್ತಿಯೊಬ್ಬಳ ನಿರ್ಲಕ್ಷ್ಯವನ್ನೂ, ಗೃಹಿಣಿಯರ ಕೊಡಗಳನ್ನೂ ಸೇರಿಸಿ ವರದಿ ಮುಗಿಸಿದರು. ಅವಳಿಗೆ ಇನ್ನು ಬರಬೇಡ ಎಂದರು. ಸೂಪರ್‌ವೈಸರ್ ಬೇರೆ ಊರಿಗೆ ಹೋದರು. ಪರೀಕ್ಷೆಯ ಹೊಸ ಪೆಟ್ಟಿಗೆ ಮಾರನೆಯ ವಾರವೇ ಬಂತು. ಅಷ್ಟು ಸುಲಭವಿತ್ತು.

"ನಂಗಾದ್ರೂ ಹೇಳಬಾರದಿತ್ತಾ?" ಎಂದ ಗಂಡ ಒಂದು ದಿನ ಊಟದ ಮುಂದೆ. "ಒಂದೇ ಮನೇಲಿ ಇದೀವಿ. ಇಷ್ಟು ದೊಡ್ಡ ವಿಷಯ."

"ಒಂದೇ ಮನೇಲಿ ಇದೀವಿ," ಎಂದಳು ಅವಳು. "ನಿಮಗೆ ಗೊತ್ತಾಗಬಾರದಿತ್ತಾ?"

ಅವನು ತಟ್ಟೆ ನೋಡಿಕೊಂಡು ಉಂಡ. ಅಡುಗೆಗೆ ಏನೂ ಅನ್ನಲಿಲ್ಲ. ಅವಳಿಗಂತೂ ಅದರ ರುಚಿಯೂ ಈಚೆಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ.

ಹೊಲಿಗೆಯವಳ ಮಗು ಬದುಕಿತು. ಆಸ್ಪತ್ರೆಯಿಂದ ಬಂದಾಗ ಹಿಡಿಯಷ್ಟಾಗಿತ್ತು, ತಲೆಗೂದಲು ಉದುರಿತ್ತು, ಯಾರು ಕರೆದರೂ ಅಮ್ಮನ ಕುತ್ತಿಗೆ ಬಿಡುತ್ತಿರಲಿಲ್ಲ. ಭೇದಿ ಪೂರ್ತಿ ನಿಂತಿರಲಿಲ್ಲ. ಪುಡಿಯಕ್ಕ ಎರಡು ಸಲ ಅವರ ಬಾಗಿಲಿಗೆ ಹೋಗಿ ನಿಂತು ವಾಪಸ್ಸು ಬಂದಳು. ಎರಡು ಸಲವೂ ಒಳಗೆ ಮೆಷಿನ್ ಓಡುತ್ತಿತ್ತು, ಅವಳ ನೆರಳು ಹೊಸ್ತಿಲ ಮೇಲೆ ಬಿದ್ದ ಮೇಲೆ ಇನ್ನೂ ಜೋರಾಗಿ ಓಡಿತು.

ಆಮೇಲೆ ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಕಲ್ಲಿನ ಮೇಲೆ ಧೊಪ್ಪನೆ ಏನೋ ಬಿತ್ತು. ಬಟ್ಟೆಯ ಗಂಟು. ತಲೆಯೆತ್ತಿದರೆ ಹೊಲಿಗೆಯವಳು ನಿಂತಿದ್ದಳು. ಕಣ್ಣ ಕೆಳಗೆ ಕಪ್ಪು, ತಲೆ ಬಾಚಿ ಎಷ್ಟು ದಿನವಾಗಿತ್ತೋ.

"ಮಗೂದು. ರಾತ್ರಿಯೆಲ್ಲ ಆಗಿದೆ. ನಂಗೆ ಮೆಷಿನ್ ಮುಂದೆ ಕೂರಬೇಕು," ಎಂದಳು. "ಒಗೆದು ಕೊಡು. ನಿಂಗಾದ್ರೆ ವಾಸನೆ ಬರಲ್ವಲ್ಲ."

ಪುಡಿಯಕ್ಕ ಕೈ ಒರೆಸಿಕೊಂಡು ಗಂಟು ಬಿಚ್ಚಿದಳು. ಮಗಳು ಬಾಗಿಲಿಗೆ ಬಂದವಳು ಮೂಗು ಮುಚ್ಚಿಕೊಂಡು, "ನಾನೂ ಬರ್ಲಾಮ್ಮ?" ಎಂದಳು.

"ಬೇಡ. ನೀನು ಓದ್ಕೋ ಹೋಗು."

ನೀರು ಕಾಯಿಸಿ, ನೆನೆಸಿ, ಸೋಪು ಹಚ್ಚಿ, ಕುಕ್ಕಿ ಒಗೆದಳು. ಎರಡು ನೀರಿನಲ್ಲಿ ಹಿಂಡಿ ಬಿಸಿಲಿಗೆ ಹರವಿದಳು. ಮಧ್ಯಾಹ್ನ ಇಳಿದ ಮೇಲೆ ಹೊಲಿಗೆಯವಳು ಬಂದು, ಹಗ್ಗದ ಉದ್ದಕ್ಕೂ ನಡೆಯುತ್ತ, ಒಂದೊಂದೇ ಬಟ್ಟೆಯನ್ನು ಮುಖಕ್ಕೆ ಹಿಡಿದು ಮೂಸಿ, ಮಡಿಸಿ, ತೋಳಿಗೆ ಹಾಕಿಕೊಂಡಳು. ಕೊನೆಯದನ್ನು ಎರಡು ಸಲ ಮೂಸಿದಳು. ಮಡಿಸಲಿಲ್ಲ.

"ಇದು ಇನ್ನೂ ನಾರ್ತಿದೆ," ಎಂದು ಪುಡಿಯಕ್ಕನ ಕೈಗೆ ಕೊಟ್ಟಳು.

ಪುಡಿಯಕ್ಕ ಅದನ್ನು ತೆಗೆದುಕೊಂಡು ಮತ್ತೆ ಬಕೆಟ್ಟಿಗೆ ಅದ್ದಿದಳು.